ನೇರಳೆ ಎದೆಯ ಗಿಡುಗ

ಶನಿವಾರ ಬೆಳಿಗ್ಗೆ ಏಳೂಕಾಲಿಗೆ ನೊಯ್ಲೀನ್ ತನ್ನ ಅಂಗಡಿಯ ಬಾಗಿಲು ತೆರೆದಾಗ ಎದುರಿನ ಬೇಲಿಗೂಟದ ಮೇಲೆ ಒಂದು ಗಿಡುಗ ಕೂತಿತ್ತು. ಅದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ಗ್ಲೆನ್‌ಕೋರಿ ಕಣಿವೆಯಲ್ಲಿ ಗೂಟಕ್ಕೊಂದು ಗಿಡುಗ. ರಸ್ತೆಯಲ್ಲಿ ಪಾಸಮ್ ಪ್ರಾಣಿ ಸತ್ತು ಬಿದ್ದಿದ್ದರೆ ಗೂಟಕ್ಕೆರಡು. ಆದರೆ ಈ ಗಿಡುಗದ ಎದೆ ನೇರಳೆ ಬಣ್ಣದ್ದಾಗಿತ್ತು. ನೊಯ್ಲೀನ್ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ನೇರಳೆಯೇ. ಫೋನು ತೆಗೆದು ಫೋಟೊ ಹೊಡೆದು, ಕಣಿವೆಯ ಫೇಸ್‌ಬುಕ್ ಪುಟಕ್ಕೆ ಹಾಕಿ, "ಇದು ಯಾವ ಹಕ್ಕಿ? ಗೊತ್ತಿದ್ದವರು ಹೇಳಿ" ಎಂದು ಬರೆದಳು. ಆ ಗಡಿಬಿಡಿಯಲ್ಲಿ ಹಾಲಿನ ಪೆಟ್ಟಿಗೆ ಹೊರಗೇ ಉಳಿಯಿತು.

ಎಂಟು ಗಂಟೆಯ ಹೊತ್ತಿಗೆ ಆ ಫೋಟೊ ಜೇನು ಸಾಕುವ ಡೂಗಲ್ ಹರೆನ್‌ನ ಅಡುಗೆಮನೆ ತಲುಪಿತ್ತು.

"ಇಲ್ನೋಡು ಡೂಗಲ್, ಎಂಥಾ ಹಕ್ಕಿ!" ಎಂದು ಅವನ ಹೆಂಡತಿ ಮೆರೆಆನಾ ಫೋನನ್ನು ಅವನ ಮೂಗಿನ ಹತ್ತಿರ ಹಿಡಿದಳು. "ಎದೆಯೆಲ್ಲಾ ನೇರಳೆ. ಥೇಟ್ ಬಿಷಪ್ ಥರಾ ಕೂತಿದೆ."

ಡೂಗಲ್ ನೋಡಿದ. ಬಾಯಲ್ಲಿದ್ದ ಟೋಸ್ಟು ಒಳಗೂ ಹೋಗದೆ ಹೊರಗೂ ಬಾರದೆ ಗಂಟಲಲ್ಲೇ ನಿಂತಿತು.

"ಏನಾಯ್ತು?"

"ಏನಿಲ್ಲ. ಬಿಸಿ."

"ಅರ್ಧ ಗಂಟೆ ಆಗಿದೆ ಆ ಟೋಸ್ಟ್ ಮಾಡಿ. ಮಂಗಳವಾರದಿಂದ ನೋಡ್ತಾನೇ ಇದೀನಿ. ಸರಿಯಾಗಿ ತಿನ್ನಲ್ಲ, ಮಲಗಲ್ಲ, ಯಾರಾದ್ರೂ ಬಾಗಿಲು ತಟ್ಟಿದ್ರೆ ಸಾಕು, ಪರದೆ ಹಿಂದೆ ಹೋಗಿ ನಿಲ್ತೀಯ. ಯಾರನ್ನಾದ್ರೂ ಕೊಂದು ಹೂತಿದೀಯೇನು?"

ಮೆರೆಆನಾ ತಮಾಷೆಗೆ ಹೇಳಿದ್ದಳು. ಡೂಗಲ್ ಮಾತ್ರ ಎದ್ದು ಹೋಗಿ ಕಿಟಕಿಯ ಪರದೆ ಎಳೆದ.

ಮಂಗಳವಾರ ನಡೆದದ್ದು ಹೀಗೆ. ಡೂಗಲ್‌ನ ನಲವತ್ತು ಜೇನುಪೆಟ್ಟಿಗೆಗಳು ಇರುವುದು ಮಿಸೆಸ್ ಮೆಕ್‌ಫೇಲ್ ಅವರ ಗುಡ್ಡದ ಮೇಲೆ. ದಕ್ಷಿಣದ ಚಳಿಗಾಳಿ ತಾಕದೆ, ಚಳಿಗಾಲದಲ್ಲೂ ಬಿಸಿಲು ಕಾಣುವ ಜಾಗ ಕಣಿವೆಯಲ್ಲಿ ಅದೊಂದೇ. ಅದು ತಪ್ಪಿಹೋದರೆ ಪೆಟ್ಟಿಗೆಗಳಿಗೆ ಬೇರೆ ನೆಲೆಯಿಲ್ಲ. ಪೆಟ್ಟಿಗೆಗಳು ಹೋದರೆ ಡೂಗಲ್‌ಗೆ ಬೇರೆ ಹೊಟ್ಟೆಪಾಡಿಲ್ಲ. ಆ ಜಾಗಕ್ಕೆ ಕಾಗದ ಪತ್ರ ಯಾವುದೂ ಇಲ್ಲ. ಅವರ ಗಂಡ ಬದುಕಿದ್ದಾಗ ಬೇಲಿಗೆ ಒರಗಿಕೊಂಡು ಕೊಟ್ಟ ಮಾತು, ಅಷ್ಟೇ. ಗಂಡ ತೀರಿಕೊಂಡ ಮೇಲೆ ಮಿಸೆಸ್ ಮೆಕ್‌ಫೇಲ್ ಒಂದೇ ಒಂದು ಷರತ್ತು ಹಾಕಿದ್ದರು. "ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗ್ಬೇಕು. ಮುಚ್ಚಿದ್ರೆ ಮುಚ್ಚು, ತೆಗೆದಿದ್ರೆ ತೆಗೆದಿಡು. ಒಂದ್ಸಲ ತಪ್ಪಿದ್ರೂ ನಿನ್ನ ಹುಳಗಳನ್ನ ಎತ್ಕೊಂಡು ನಡೀಬೇಕು."

ಹನ್ನೊಂದು ವರ್ಷ ಡೂಗಲ್ ತಪ್ಪಿರಲಿಲ್ಲ. ಮಂಗಳವಾರ ಮಂಜು ಮುಸುಕಿತ್ತು, ಚಳಿಗೆ ಕೈ ಮರಗಟ್ಟುತ್ತಿತ್ತು, ಹೋಗಿ ಬರಲು ಐದೇ ನಿಮಿಷ ಎಂದುಕೊಂಡು ಗೇಟನ್ನು ತೆರೆದೇ ಬಿಟ್ಟ. ಅದೇ ಐದು ನಿಮಿಷದಲ್ಲಿ ಮಿಸೆಸ್ ಮೆಕ್‌ಫೇಲ್ ಅವರ ಟಗರು ಬ್ರಿಗೇಡಿಯರ್ ಹೊರಗೆ ಬಂತು. ಎರಡು ವರ್ಷ ಜಿಲ್ಲಾ ಪ್ರದರ್ಶನದಲ್ಲಿ ಮೊದಲ ಬಹುಮಾನ ಹೊಡೆದ ಟಗರು. ಇಲ್ಲಿ ಚಳಿ ಶುರುವಾಗುವ ಏಪ್ರಿಲ್ ತಿಂಗಳು ಟಗರನ್ನು ಹೆಣ್ಣುಕುರಿಗಳ ಜೊತೆ ಬಿಡುವ ಕಾಲ. ಆ ಕಾಲದಲ್ಲಿ ಟಗರಿಗೆ ಅಲ್ಲಾಡುವುದೆಲ್ಲಾ ಎದುರಾಳಿಯೇ. ಡೂಗಲ್ ಹಿಂಬದಿ ತೆರೆದ ತನ್ನ ಯೂಟ್ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದ. ಬ್ರಿಗೇಡಿಯರ್ ಮಂಜಿನೊಳಗಿಂದ ತಲೆ ತಗ್ಗಿಸಿ ಓಡಿಬಂದು ಗಾಡಿಗೆ ಗುದ್ದಿತು. ಗೆದ್ದದ್ದು ಗಾಡಿ.

ಡೂಗಲ್ ಕೆಟ್ಟವನಲ್ಲ, ಅಂಜುಬುರುಕ. ಕಣ್ಣು ಮುಚ್ಚಿಕೊಂಡೇ ಸತ್ತ ಟಗರಿನ ಹಿಂಗಾಲು ಹಿಡಿದು ದರದರ ಎಳೆದುಕೊಂಡು ಹೋಗಿ ಗಾರ್ಸ್ ಮುಳ್ಳುಪೊದೆಯ ಕೊರಕಲಿಗೆ ತಳ್ಳಿ, ಮೇಲೆ ಟಾರ್ಪಾಲು ಹೊದಿಸಿ ಕಲ್ಲು ಹೇರಿ ಮನೆಗೆ ಬಂದ. ಟಗರನ್ನು ಯಾರೋ ಕದ್ದರು ಎಂದು ಮಿಸೆಸ್ ಮೆಕ್‌ಫೇಲ್ ಬುಧವಾರ ನೊಯ್ಲೀನ್‌ಳ ಅಂಗಡಿಯ ಗಾಜಿಗೆ ಚೀಟಿ ಅಂಟಿಸಿದರು. ಅದನ್ನು ಓದಿ ಡೂಗಲ್ "ಛೆ, ಎಂಥಾ ಜನ" ಎಂದು ಬೇರೆ ಅಂದಿದ್ದ.

ಈಗ ಬಣ್ಣದ ವಿಷಯ. ಈ ಕಾಲದಲ್ಲಿ ಟಗರಿನ ಎದೆಗೆ ಪಟ್ಟಿ ಬಿಗಿದು, ಅದಕ್ಕೆ ಇಟ್ಟಿಗೆಯ ಗಾತ್ರದ ಬಣ್ಣದ ಬಳಪ ಸಿಕ್ಕಿಸುತ್ತೇವೆ. ಟಗರು ಯಾವ ಕುರಿಯನ್ನು ಕೂಡಿತೋ ಆ ಕುರಿಯ ಬೆನ್ನಿಗೆ ಬಣ್ಣ. ಯಾವುದು ಯಾವಾಗ ಈಯುತ್ತದೆ ಎಂದು ಲೆಕ್ಕ ಸಿಗುತ್ತದೆ. ಒಬ್ಬರದು ಕೆಂಪು, ಒಬ್ಬರದು ನೀಲಿ. ಇಡೀ ಕಣಿವೆಯಲ್ಲಿ ನೇರಳೆ ಬಳಪ ತರಿಸುವವರು ಮಿಸೆಸ್ ಮೆಕ್‌ಫೇಲ್ ಒಬ್ಬರೇ. ಅವರ ಗುಡ್ಡದ ಮೇಲಿನ ಕುರಿಗಳೆಲ್ಲ ಈಗ ನೇರಳೆ ಬೆನ್ನು ಹೊತ್ತು ಮೇಯುತ್ತಿದ್ದವು. ಹಾಗಿದ್ದ ಮೇಲೆ ಈ ಗಿಡುಗ ಎದೆ ಉಜ್ಜಿಕೊಂಡು ಊಟ ಮಾಡಿ ಬಂದದ್ದು ಎಲ್ಲಿಂದ ಎಂದು ಡೂಗಲ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಟಾರ್ಪಾಲು ಗಾಳಿಗೆ ಹಾರಿದೆ. ಕುರಿ ಸಾಕುವ ಯಾವನೇ ಒಬ್ಬ ಆ ಫೋಟೊ ನೋಡಿದರೂ ತನ್ನ ಕತೆ ಮುಗಿಯಿತು. ದೇವರ ದಯೆ, ಕುರಿ ಸಾಕುವವರೆಲ್ಲ ಬೆಳಿಗ್ಗೆಯೇ ಬಸ್ಸು ಹತ್ತಿ, ಫೋನಿಗೆ ಸಿಗ್ನಲ್ಲೇ ಸಿಗದ ಪಕ್ಕದೂರಿನ ರಗ್ಬಿ ಪಂದ್ಯಕ್ಕೆ ಹೋಗಿದ್ದರು. ಮಿಸೆಸ್ ಮೆಕ್‌ಫೇಲ್ ಹತ್ತಿರ ಗೋಡೆಗೆ ತಗುಲಿಹಾಕಿದ ಹಳೇ ಫೋನು ಬಿಟ್ಟು ಬೇರೆ ಫೋನಿರಲಿಲ್ಲ.

"ಹಾಲು ತರ್ತೀನಿ," ಎಂದು ಡೂಗಲ್ ಗಂಬೂಟು ಏರಿಸಿ ಓಡಿದ.

ಅಂಗಡಿಯ ಮುಂದೆ ಸಿರಿಲ್ ಟೌಪ್ ಆಗಲೇ ಮೂರು ಕಾಲಿನ ದೊಡ್ಡ ದುರ್ಬೀನು ನಿಲ್ಲಿಸಿಕೊಂಡು ಬಗ್ಗಿದ್ದ. ಡನೀಡನ್‌ನಲ್ಲಿ ಭೂಗೋಳದ ಮೇಷ್ಟ್ರಾಗಿದ್ದು ನಿವೃತ್ತನಾಗಿ ಇಲ್ಲಿಗೆ ಬಂದವನು. ಹಕ್ಕಿಗಳ ಪುಚ್ಚ ಎಣಿಸುವುದು ಅವನ ಹುಚ್ಚು. ಪಕ್ಕದಲ್ಲಿ ನೊಯ್ಲೀನ್. ಆಕ್ಲೆಂಡ್ ನಗರದಿಂದ ಬಂದು ಎಂಟು ವರ್ಷವಾದರೂ ಟಗರಿನ ಯಾವ ಕಡೆಗೆ ಬಳಪ ಕಟ್ಟುತ್ತಾರೆಂದು ಅವಳಿಗೆ ಗೊತ್ತಿಲ್ಲ.

"ನೊಯ್ಲೀನ್, ಆ ಫೋಟೊ ತೆಗೆದುಬಿಡು ಮಾರಾಯ್ತಿ," ಎಂದ ಡೂಗಲ್ ಏದುಸಿರು ಬಿಡುತ್ತಾ.

"ಯಾಕೆ? ನೂರಾ ಎಂಬತ್ತು ಜನ ನೋಡಿದಾರೆ!"

"ಅದೇನು ದೊಡ್ಡ ವಿಷಯಾನಾ? ಮಾಮೂಲಿ ಗಿಡುಗ. ಬಿಸಿಲು ಬಿದ್ದು ಹಾಗೆ ಕಾಣ್ತಿದೆ."

ಸಿರಿಲ್ ದುರ್ಬೀನಿನಿಂದ ಕಣ್ಣು ತೆಗೆಯದೆ ಹೇಳಿದ. "ಬಿಸಿಲೆಲ್ಲಿದೆ ಡೂಗಲ್? ಮೋಡ ನೋಡು. ಈ ದೇಶದಲ್ಲಿ ಹಗಲು ಬೇಟೆಯಾಡೋ ಹಕ್ಕಿ ಅಂತ ಇರೋದೇ ಎರಡು. ದೊಡ್ಡದು ಕಾಹು, ಸಣ್ಣದು ಕಾರೆಆರೆಆ. ಇದರ ಗಾತ್ರ ಕಾಹು. ಬಾಲದ ಬುಡ ಬಿಳಿ, ಅದೂ ಕಾಹು. ಕಾಲು ಉದ್ದ, ಹಳದಿ. ಎಲ್ಲಾ ಸರಿ. ಆದ್ರೆ ಎದೆ? ಕಂದು ಗೆರೆ ಇರ್ಬೇಕಾದ ಕಡೆ ನೇರಳೆ! ಕತ್ತಿಂದ ಹೊಟ್ಟೆವರೆಗೆ!"

"ವಯಸ್ಸಾಗಿರ್ಬೇಕು."

"ವಯಸ್ಸಾದ್ರೆ ಬೆಳ್ಳಗಾಗುತ್ತೆ. ನೀನೂ ನಾನೂ ನೇರಳೆ ಆಗಿದೀವಾ?"

"ಎಲ್ಲಾದ್ರೂ ಬಣ್ಣ ಮೆತ್ಕೊಂಡಿರಬಹುದಾ?" ಎಂದಳು ನೊಯ್ಲೀನ್, ಸುಮ್ಮನೆ ಹೊಳೆದದ್ದನ್ನು.

"ಬಣ್ಣ ಅಲ್ಲ!"

ಡೂಗಲ್ ಕೂಗಿದ ರಭಸಕ್ಕೆ ಗಿಡುಗವೇ ತಿರುಗಿ ನೋಡಿತು. ಸಿರಿಲ್ ನಿಧಾನವಾಗಿ ನೆಟ್ಟಗೆ ನಿಂತ.

"ಬಣ್ಣ ಅಲ್ಲ ಅಂತ ನಿನಗೆ ಹೇಗೆ ಗೊತ್ತು?"

ಸುಳ್ಳು ಹೇಳಲು ಬಾರದವನು ಸುಳ್ಳು ಹೇಳಲು ಹೊರಟರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. "ನಾನು... ಮೊದಲೇ ನೋಡಿದೀನಿ. ಗುಡ್ಡದ ಮೇಲೆ. ಹುಟ್ಟಾ ಬಣ್ಣ ಅದು. ಇಲ್ಲಿದಲ್ಲ ಹಕ್ಕಿ. ದ್ವೀಪಗಳ ಕಡೆಯಿಂದ ಗಾಳಿಗೆ ಸಿಕ್ಕಿ ಬಂದಿರ್ಬೇಕು. ಫಿಜಿ ಕಡೆಯಿಂದ."

"ಫಿಜಿ," ಎಂದ ಸಿರಿಲ್. ಅವನ ಕಣ್ಣಂಚಿನಲ್ಲಿ ನೀರು ತುಂಬಿತು. ಮೂವತ್ತೆರಡು ವರ್ಷ ಹಕ್ಕಿ ನೋಡಿದವನು, ಒಂದೇ ಒಂದು ಹೊಸ ಹಕ್ಕಿಗೂ ಅವನ ಹೆಸರು ಅಂಟಿರಲಿಲ್ಲ. "ನೊಯ್ಲೀನ್, ಪೆನ್ನು ಕೊಡು!"

ಅಪರೂಪದ ಹಕ್ಕಿ ಕಂಡರೆ ಹಕ್ಕಿ ನೋಡುವವರ ಸಂಘಕ್ಕೆ ಒಂದು ನಮೂನೆ ತುಂಬಿ ಕಳಿಸಬೇಕಂತೆ. ಕಣ್ಣಾರೆ ಕಂಡವರು ಸಹಿ ಹಾಕಬೇಕಂತೆ. ಡೂಗಲ್‌ನನ್ನು ಅಂಗಡಿಯೊಳಗೆ ಆಲೂಗಡ್ಡೆ ಚೀಲದ ಮೇಲೆ ಕೂರಿಸಿ ಸಿರಿಲ್ ಪ್ರಶ್ನೆ ಶುರುಮಾಡಿದ.

"ಮೊದಲು ಕಂಡದ್ದು ಯಾವತ್ತು?"

"ಮಂಗಳ... ಅಲ್ಲ, ಸೋಮವಾರ. ಭಾನುವಾರ."

"ಮೂರರಲ್ಲಿ ಯಾವುದು?"

"ಭಾನುವಾರ." ಬ್ರಿಗೇಡಿಯರ್ ಬದುಕಿದ್ದ ದಿನವೇ ವಾಸಿ ಎಂದು ಡೂಗಲ್‌ಗೆ ಅನ್ನಿಸಿತು.

"ಬಾಲದ ಕೆಳಗೆ ಅಡ್ಡಪಟ್ಟಿ ಇತ್ತಾ? ಎಷ್ಟು?"

"ಐದು."

"ಎಣಿಸಿದ್ಯಾ!" ಸಿರಿಲ್‌ಗೆ ಮೆಚ್ಚುಗೆ ತಡೆಯಲಾಗಲಿಲ್ಲ. "ಏನು ತಿಂತಿತ್ತು?"

"ಏನೂ ತಿಂತಿರ್ಲಿಲ್ಲ! ನನ್ನ ಕಣ್ಣೆದುರಿಗೆ ಏನೂ ತಿಂದಿಲ್ಲ!"

"ಸರಿ, ಅದಕ್ಯಾಕೆ ಕಿರುಚ್ತೀಯ? ಕೂಗು ಹೇಗಿತ್ತು? ಮಾಡಿ ತೋರಿಸು."

ಡೂಗಲ್ ಬೆವರು ಒರೆಸಿಕೊಂಡು ಗಂಟಲಿನಿಂದ ಒಂದು ಸದ್ದು ಹೊರಡಿಸಿದ. ಅಂಗಡಿಯ ನಾಯಿ ಕೌಂಟರಿನ ಕೆಳಗೆ ಹೋಗಿ ಮಲಗಿತು. "ಈ ಥರಾ ಕೂಗು ನಾನು ಎಲ್ಲೂ ಕೇಳಿಲ್ಲ," ಎಂದು ಸಿರಿಲ್ ಬರೆದುಕೊಂಡ. ಡೂಗಲ್ ಸಹಿ ಹಾಕಿದ. ಗೀಚಿದ ರಭಸಕ್ಕೆ ಆ ಸಹಿ ಅವನದೇ ಎಂದು ಯಾರೂ ಹೇಳುವಂತಿರಲಿಲ್ಲ.

ಅಷ್ಟರಲ್ಲಿ ಹಾಲು ಬಾರದ್ದು ನೋಡಿ ಮೆರೆಆನಾ ಬಂದಳು. ಅವಳು ಗಂಡನಿಗೆ ಒಳ್ಳೆಯದಾಗಲೆಂದೇ ಹೇಳಿದ್ದು. "ಹಕ್ಕಿ ವಿಷಯ ಡೂಗಲ್‌ನನ್ನೇ ಕೇಳ್ಬೇಕು. ದಿನಾ ಆ ಗುಡ್ಡದ ಮೇಲೇ ಇರ್ತಾನೆ. ಆ ಮುಳ್ಳು ಕೊರಕಲು ಇದ್ಯಲ್ಲ, ಅದನ್ನಂತೂ ಮನೆ ಕಿಟಕಿಯಿಂದ ನಾಲ್ಕು ದಿನದಿಂದ ನೋಡ್ತಾನೇ ಕೂತಿದಾನೆ."

"ಗೂಡು!" ಎಂದು ಸಿರಿಲ್ ನಮೂನೆಯಲ್ಲಿ ಅದನ್ನೂ ಸೇರಿಸಿದ. ಫೋಟೊದ ಜೊತೆ ನಮೂನೆಯನ್ನು ಸಂಘಕ್ಕೂ ವಿಶ್ವವಿದ್ಯಾಲಯದ ಹಕ್ಕಿ ವಿಭಾಗಕ್ಕೂ ಕಳಿಸಿಬಿಟ್ಟ.

ಹನ್ನೆರಡರೊಳಗೆ ಇನ್ವರ್‌ಕಾರ್ಗಿಲ್ ಕಡೆಯಿಂದ ಏಳು ಕಾರು ಬಂದವು. ಅವುಗಳಲ್ಲಿದ್ದವರೆಲ್ಲ ಹಕ್ಕಿ ಸಂಘದ ಪೇಟೆಯವರು, ನಿವೃತ್ತರು, ಮೈತುಂಬ ಜೇಬಿರುವ ಕೋಟಿನವರು. ನೊಯ್ಲೀನ್ ಚೀಸ್ ರೋಲ್ ಬಿಸಿ ಮಾಡಿ ಸಾಕಾಗಿ ಹೋದಳು. ಗಿಡುಗ ಗೂಟ ಬಿಟ್ಟು ಎದ್ದು, ಗುಡ್ಡದ ಕಡೆಗೆ ಹಾರಿ, ಬೇರೆಲ್ಲೂ ಜಾಗವಿಲ್ಲವೆಂಬಂತೆ ಆ ಮುಳ್ಳು ಕೊರಕಲಿನ ಮೇಲೇ ಸುತ್ತು ಹಾಕತೊಡಗಿತು. ಒಂದು ಸುತ್ತು. ಎರಡು ಸುತ್ತು. ಡೂಗಲ್ ಒಂದೊಂದನ್ನೂ ಎಣಿಸುತ್ತಿದ್ದ. ಜನರೆಲ್ಲ ದುರ್ಬೀನು ಹೊತ್ತುಕೊಂಡು ಗುಡ್ಡದ ಬುಡದ ಬೇಲಿಗೆ ಹೋಗಿ ನಿಂತರು.

ಡೂಗಲ್ ಎರಡು ಸಲ ಕೊರಕಲಿನ ಕಡೆ ಜಾರಿಕೊಳ್ಳಲು ನೋಡಿದ. ಟಾರ್ಪಾಲು ಒಂದನ್ನು ಎಳೆದು ಸರಿಮಾಡಿ ಬಂದರೆ ಸಾಕಿತ್ತು. ಮೊದಲನೇ ಸಲ ನಾಲ್ಕು ಜನ "ನೀವೇನಾ ಮೊದಲು ಕಂಡವರು?" ಎಂದು ಹಿಡಿದುಕೊಂಡರು. ಎರಡನೇ ಸಲ ಹನ್ನೊಂದು ಜನ ಅವನ ಹಿಂದೆಯೇ ಹೊರಟರು. ಅವನು ತಿರುಗಿದ ಕಡೆ ತಿರುಗಿದರು, ನಿಂತಾಗ ನಿಂತರು. ಮೂತ್ರಕ್ಕೆ ಹೋಗುತ್ತಿದ್ದೇನೆ ಎಂದು ಹೇಳಿ ಡೂಗಲ್ ಅವರನ್ನು ವಾಪಸು ಕಳಿಸಬೇಕಾಯಿತು.

"ಮೇಲೆ ಹೋಗಿ ನೋಡೋಣ. ಗೂಡು ಅಲ್ಲೇ ಇದೆ," ಎಂದ ಸಿರಿಲ್.

"ಬೇಡ! ಜೇನು ಇದೆ. ಏಪ್ರಿಲ್‌ನಲ್ಲಿ ಅದಕ್ಕೆ ಸಿಟ್ಟು ಜಾಸ್ತಿ."

"ನಾವು ಮುಖ ಮುಚ್ಕೋತೀವಿ."

"ಮುಚ್ಚಿದ ಮುಖ ಕಂಡ್ರೆ ಇನ್ನೂ ಸಿಟ್ಟು. ಮತ್ತೆ ಅದು ಮಿಸೆಸ್ ಮೆಕ್‌ಫೇಲ್ ಜಮೀನು. ಅವರನ್ನ ಕೇಳ್ದೆ ಯಾರೂ ಕಾಲಿಡೋ ಹಾಗಿಲ್ಲ."

ಇದನ್ನು ಹೇಳಿ ಡೂಗಲ್ ಮೊದಲ ಸಲ ಸಮಾಧಾನದ ಉಸಿರು ಬಿಟ್ಟ. ಒಳ್ಳೇ ಮಾತು ಹೇಳಿದೆ ಎನ್ನಿಸಿತು. ಆ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ನೊಯ್ಲೀನ್ ಅಂಗಡಿಯಿಂದ ಓಡಿ ಬಂದಳು.

"ಕೇಳಿದೆ! ಫೋನ್ ಮಾಡಿ ಮಿಸೆಸ್ ಮೆಕ್‌ಫೇಲ್‌ರನ್ನೇ ಕೇಳಿದೆ. ಖುದ್ದಾಗಿ ಬರ್ತಿದಾರೆ. ಡೂಗಲ್ ಅಲ್ಲಿದಾನಾ ಅಂತ ಕೇಳಿದ್ರು. ಇದಾನೆ ಅಂದೆ. 'ಎಲ್ಲೂ ಹೋಗಬೇಡ ಅಂತ ಹೇಳು' ಅಂದ್ರು."

"ಯಾ... ಯಾಕಂತೆ?"

"ಅದನ್ನ ಹೇಳ್ಲಿಲ್ಲಪ್ಪ. ದನಿ ಮಾತ್ರ ಬಿಗಿಯಾಗಿತ್ತು."

ಡೂಗಲ್ ರಸ್ತೆಯ ಕಡೆ ನೋಡಿದ. ಓಡಿಹೋಗೋಣವೆಂದರೆ ಯೂಟ್ ಗಾಡಿಯ ಹಿಂದೆ ಏಳು ಕಾರು ನಿಂತಿದ್ದವು. ಮೆರೆಆನಾ ಅವನ ಕೈಗೆ ಚೀಸ್ ರೋಲ್ ತುರುಕಿದಳು. ಅವನು ಅದನ್ನು ಹಿಡಿದುಕೊಂಡೇ ನಿಂತ. ಮನಸ್ಸಿನಲ್ಲಿ ನಲವತ್ತು ಪೆಟ್ಟಿಗೆಗಳನ್ನು ಒಂದೊಂದಾಗಿ ಗಾಡಿಗೆ ಏರಿಸುತ್ತಿದ್ದ. ಹದಿನೇಳನೆಯದನ್ನು ಏರಿಸುವಾಗ ಹಳೆಯ ಲ್ಯಾಂಡ್‌ರೋವರ್ ಬಂದು ನಿಂತಿತು.

ಮಿಸೆಸ್ ಮೆಕ್‌ಫೇಲ್‌ಗೆ ಎಪ್ಪತ್ತನಾಲ್ಕು. ಬೆನ್ನು ಬೇಲಿಗೂಟದಷ್ಟು ನೆಟ್ಟಗೆ. ಕೈಯಲ್ಲಿ ಇಗರ್ಜಿಗೆ ಹೋಗುವಾಗ ಮಾತ್ರ ಹೊರಬೀಳುವ ಕರಿ ಚೀಲ. ಜನ ದಾರಿ ಬಿಟ್ಟರು.

"ಏನದು ಗಲಾಟೆ? ಎಲ್ಲಿ ತೋರ್ಸಿ."

ಸಿರಿಲ್ ದುರ್ಬೀನು ತಿರುಗಿಸಿ ಕೊಟ್ಟ. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. "ವಿಶ್ವವಿದ್ಯಾಲಯ!" ಎಂದು ಪಿಸುಗುಟ್ಟಿ, ಒಂದು ಕಿವಿಗೆ ಬೆರಳಿಟ್ಟುಕೊಂಡು ದೂರ ಸರಿದ. ಮಿಸೆಸ್ ಮೆಕ್‌ಫೇಲ್ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಇಷ್ಟು ಹೊತ್ತು ಒಂದು ಗಿಡುಗದಲ್ಲಿ ನೋಡುವುದಕ್ಕೆ ಏನಿರುತ್ತದೆ ಎಂದು ಡೂಗಲ್‌ಗೆ ಅಳು ಬರುವಂತಾಯಿತು.

"ನೇರಳೆ," ಎಂದರು ಮಿಸೆಸ್ ಮೆಕ್‌ಫೇಲ್.

ಏಳು ಕಾರಿನ ಜನ ಅದನ್ನೂ ಬರೆದುಕೊಂಡರು.

"ಹ್ಞೂಂ." ಅವರು ನೆಟ್ಟಗಾಗಿ ತಿರುಗಿದರು. "ಡೂಗಲ್. ನಿನ್ನ ಹತ್ರ ಒಂದು ಮಾತು ಆಡ್ಬೇಕು. ಬೆಳಿಗ್ಗೆಯಿಂದ ಹುಡುಕ್ತಿದೀನಿ. ಯಾವ ವಿಷಯ ಅಂತ ನಿನಗೇ ಗೊತ್ತಿರ್ಬೇಕು."

ನಾಲ್ಕು ದಿನದಿಂದ ಬಿಗಿಹಿಡಿದದ್ದು ಒಡೆದುಹೋಯಿತು.

"ನಾನೇ ಮಿಸೆಸ್ ಮೆಕ್‌ಫೇಲ್, ನಾನೇ! ಬೇಕೂಂತ ಮಾಡಿದ್ದಲ್ಲ. ಮಂಗಳವಾರ ಮಂಜಿತ್ತು, ಗೇಟು ಬಿಟ್ಟುಬಿಟ್ಟೆ, ಬ್ರಿಗೇಡಿಯರ್ ಹಿಂದಿಂದ ಬಂದು ಗಾಡಿಗೆ ಗುದ್ದಿತು, ಅಲ್ಲೇ ಹೋಯ್ತು. ಹೆದರ್ಕೊಂಡು ಕೊರಕಲಿಗೆ ಹಾಕ್ದೆ. ಆ ಹಕ್ಕಿ ಅದನ್ನೇ ತಿಂತಿರೋದು. ಫಿಜಿನೂ ಇಲ್ಲ ಗಿಜಿನೂ ಇಲ್ಲ. ನಿಮ್ಮ ಬಳಪದ ಬಣ್ಣ ಅದು. ಬಾಲದ ಪಟ್ಟಿ ನಾನು ಎಣಿಸೇ ಇಲ್ಲ!"

ಮೆರೆಆನಾ ಬಾಯಿಗೆ ಕೈ ಅಡ್ಡ ಹಿಡಿದಳು. ಏಳು ಕಾರಿನ ಜನ ಪೆನ್ನು ಕೆಳಗಿಟ್ಟರು. ಹೇಳಿ ಮುಗಿಸಿದ ಡೂಗಲ್‌ಗೆ ನಿಜಕ್ಕೂ ಹಗುರವೆನಿಸಿತು. ಇನ್ನು ಏನಾದರೂ ಆಗಲಿ, ನಿಜ ಹೊರಗೆ ಬಂತು ಎಂದುಕೊಂಡ.

ಅಷ್ಟರಲ್ಲಿ ಸಿರಿಲ್ ಫೋನು ಜೇಬಿಗಿಟ್ಟುಕೊಂಡು ಬಂದ. ಇಲ್ಲಿ ನಡೆದದ್ದು ಒಂದೂ ಅವನ ಕಿವಿಗೆ ಬಿದ್ದಿರಲಿಲ್ಲ. ಮುಖ ಮಾತ್ರ ಸೋತುಹೋಗಿತ್ತು.

"ಕಾಹುನೇ ಅಂತೆ. ನಮ್ಮ ಮಾಮೂಲಿ ಕಾಹು. ಫೆಬ್ರವರಿಲಿ ಅವರೇ ಹಿಡಿದು ಎದೆಗೆ ಬಣ್ಣ ಹಚ್ಚಿ ಬಿಟ್ಟಿದ್ರಂತೆ, ಎಷ್ಟು ದೂರ ಹಾರುತ್ತೆ ನೋಡೋಕೆ. ಒಟ್ಟು ಇಪ್ಪತ್ತು ಹಕ್ಕಿಗೆ ಹಚ್ಚಿದಾರಂತೆ. ಇದು ಹದಿನಾಲ್ಕನೇದು."

ಡೂಗಲ್ ತಲೆಯೆತ್ತಿ ಗಿಡುಗವನ್ನು ನೋಡಿದ.

"ಹಾಗಾದ್ರೆ ಟಗರಿನ ಬಣ್ಣ?" ನೊಯ್ಲೀನ್‌ಗೆ ಏನನ್ನೂ ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ.

"ಕುರಿಗಳು ಮತ್ತೆ ಬೆದೆಗೆ ಬರೋ ಹದಿನೇಳು ದಿನ ಆಯ್ತು ಅಂತ ಸೋಮವಾರ ಬಳಪ ಬದಲಾಯಿಸಿದ್ದೆ," ಎಂದರು ಮಿಸೆಸ್ ಮೆಕ್‌ಫೇಲ್. "ಹಸಿರು ಹಾಕಿದ್ದೆ. ಒಂದು ಕುರಿಗೂ ಹಸಿರು ಹತ್ತೋ ಮೊದಲೇ ಮಾಯ ಆಯ್ತು. ಅದರ ಎದೆ ಹಸಿರಾಗಿತ್ತು ಡೂಗಲ್. ನೀನು ನೋಡ್ಲೇ ಇಲ್ವಾ?"

"ಕಣ್ಣು... ಮುಚ್ಕೊಂಡಿದ್ದೆ."

"ಆ ಹಕ್ಕಿ ನೋಡಿದ್ರೆ ನನ್ನ ಟಗರಿನ ನೆನಪೇ ಬರ್ಲಿಲ್ಲ ನಂಗೆ. ಬಣ್ಣ ಚೆನ್ನಾಗಿದೆ ಅಂತ ನೋಡ್ತಿದ್ದೆ."

"ಮತ್ತೆ... ನನ್ನ ಹತ್ರ ಮಾತಾಡ್ಬೇಕು ಅಂದ್ರಲ್ಲ?"

ಮಿಸೆಸ್ ಮೆಕ್‌ಫೇಲ್ ಕರಿ ಚೀಲ ತೆಗೆದು ಒಂದು ಕಾಗದ ಹೊರತೆಗೆದರು. ಕೆಳಗೆ ವಕೀಲರ ಮೊಹರು ಕೆಂಪಗೆ ಕಾಣುತ್ತಿತ್ತು.

"ನನ್ನ ತಮ್ಮನ ಮಗ ಗುಡ್ಡಕ್ಕೆಲ್ಲಾ ಪೈನ್ ಹಾಕ್ತೀನಿ ಅಂತ ಕುಣೀತಿದಾನೆ, ನೀನೂ ಕೇಳಿರ್ತೀಯ. ಅದಕ್ಕೆ ನಿನ್ನೆ ಹೋಗಿ ಬರೆಸ್ಕೊಂಡು ಬಂದೆ. ನಾನಿರ್ಲಿ ಇಲ್ದೆ ಹೋಗ್ಲಿ, ಆ ಜಾಗ ಮೂವತ್ತು ವರ್ಷ ನಿನ್ನ ಪೆಟ್ಟಿಗೆಗಳಿಗೆ ಅಂತ. ನಿನ್ನ ಸಹಿ ಒಂದು ಬಾಕಿ ಇತ್ತು. ಟಗರು ಕದಿಯೋರು ತುಂಬಿರೋ ಈ ಕಣಿವೇಲಿ ನಂಬೋಕೆ ಒಬ್ಬನಾದ್ರೂ ಇದಾನಲ್ಲಾ ಅಂತ ವಕೀಲರಿಗೆ ಹೇಳಿದ್ದೆ."

ಡೂಗಲ್‌ನ ಕೈ ತಾನಾಗಿಯೇ ಮುಂದೆ ಹೋಯಿತು. ಅದರಲ್ಲಿ ಚೀಸ್ ರೋಲ್ ಇತ್ತು.

ಪಕ್ಕದಲ್ಲಿ ದುರ್ಬೀನಿನ ಒಂದು ಕಾಲು ಹುಲ್ಲಿನ ತಗ್ಗಿಗೆ ಸಿಕ್ಕಿ ಅಲ್ಲಾಡುತ್ತಿತ್ತು. ಹದಿನಾಲ್ಕನೇದಾದರೂ ಸರಿ, ಬಂದ ಮೇಲೆ ನೋಡಿಕೊಂಡೇ ಹೋಗೋಣವೆಂದು ಜನ ಸಾಲುಗಟ್ಟಿದ್ದರು. ಸಿರಿಲ್ ಅದರ ಕೆಳಗಿಡಲು ಒಂದು ಚಪ್ಪಟೆ ಕಲ್ಲು ಹುಡುಕುತ್ತಿದ್ದ. ಮಿಸೆಸ್ ಮೆ‌ಕ್‌ಫೇಲ್ ಅವನನ್ನು ನೋಡಿದರು, ಡೂಗಲ್‌ನನ್ನು ನೋಡಿದರು. ಕಾಗದವನ್ನು ಎರಡಾಗಿ ಮಡಿಸಿದರು. ನಾಲ್ಕಾಗಿ ಮಡಿಸಿದರು. ಎಂಟಾಗಿ ಮಡಿಸಿ, ಉಗುರಿನಿಂದ ಅಂಚು ತೀಡಿ, ಬಗ್ಗಿ ಆ ಕಾಲಿನ ಕೆಳಗೆ ತುರುಕಿದರು. ದುರ್ಬೀನು ಅಲ್ಲಾಡುವುದು ನಿಂತಿತು.

"ಬಾ ಡೂಗಲ್, ನೀನೂ ಒಂದ್ಸಲ ನೋಡ್ಕೋ," ಎಂದರು. "ಈಗ ಚೆನ್ನಾಗಿ ಕಾಣುತ್ತೆ."